ಊರು ಬದಲಾದಾಗ ಕಲಿಕೆಯ ಭಾಷೆ

ಉದ್ಯೋಗವನ್ನು ಅರಸಿಯೋ, ವರ್ಗಾವಣೆಯ ಆದೇಶಕ್ಕೆ ತಲೆಬಾಗಿಯೋ, ಮಳೆ ಕೈಕೊಟ್ಟಾಗ ಕೂಲಿಯನ್ನು ಹುಡುಕಿಕೊಂಡೋ ಜನರು ಊರಿನಿಂದ ಊರಿಗೆ ಹೋಗುವುದು ಹೊಸ ಸಂಗತಿಯೇನಲ್ಲ. ಗಂಟುಮೂಟೆ ಕಟ್ಟಿಕೊಂಡು ಹೊರಟ ಕುಟುಂಬವು ಹೊಸ ಊರಿನಲ್ಲಿ ಮೊದಲು ಬಾಡಿಗೆಯ ಮನೆಯೊಂದನ್ನು ಹುಡುಕುತ್ತದೆ; ನೀರಿನ ಅನುಕೂಲ ಹೇಗಿದೆ, ಅಂಗಡಿ ಆಸ್ಪತ್ರೆಗಳು ಎಲ್ಲಿವೆ ಎಂದು ವಿಚಾರಿಸುತ್ತದೆ. ಇವೆಲ್ಲ ಕೆಲವೇ ದಿನಗಳಲ್ಲಿ ಒದಗಿಬರುತ್ತವೆ. ಆದರೆ ಅಷ್ಟು ಸುಲಭವಾಗಿ ಬಗೆಹರಿಯದ ಪ್ರಶ್ನೆಯೊಂದು ತಂದೆತಾಯಿಗಳನ್ನು ಕಾಡುತ್ತದೆ. ಮಕ್ಕಳನ್ನು ಯಾವ ಭಾಷೆಯ ಶಾಲೆಗೆ ಸೇರಿಸಬೇಕು? ಬಿಟ್ಟುಬಂದ ಊರಿನ ಭಾಷೆಯಲ್ಲಿಯೇ ಓದು ಮುಂದುವರಿಯಬೇಕೇ, ಬಂದ ಊರಿನ ಭಾಷೆಗೆ ಹೊರಳಬೇಕೇ, ಅಥವಾ ಎಲ್ಲಿಗೆ ಹೋದರೂ ದೊರೆಯುವ ಇಂಗ್ಲಿಷ್ ಶಾಲೆಯನ್ನು ಹಿಡಿಯಬೇಕೇ? ಈ ನಿರ್ಧಾರವನ್ನು ಕೈಗೊಳ್ಳುವವರು ಹಿರಿಯರು. ಅದರ ಫಲವನ್ನು ಅನುಭವಿಸುವವರು ಮಕ್ಕಳು.

ಹಲವು ನುಡಿಗಳ ನಾಡಾದ ಭಾರತದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. 2011ರ ಜನಗಣತಿಯು 10,000ಕ್ಕಿಂತ ಹೆಚ್ಚು ಜನರು ಆಡುವ 121 ಭಾಷೆಗಳನ್ನು ಗುರುತಿಸಿತು. ಅದೇ ಗಣತಿಯ ಪ್ರಕಾರ ತಮಿಳುನಾಡಿನಲ್ಲಿ 12 ಲಕ್ಷಕ್ಕೂ ಮಿಕ್ಕ, ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ ಮಂದಿಯ ಮಾತೃಭಾಷೆ ಕನ್ನಡವಾಗಿತ್ತು. ಕರ್ನಾಟಕದ ಒಳಗಾದರೂ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದವರ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ಹಿಂದಿ, ತುಳು, ಕೊಂಕಣಿ, ಮಲಯಾಳಂ ಮೊದಲಾದ ನುಡಿಗಳಿದ್ದುವು. ಆದುದರಿಂದ ಇದು ಹೊರಗಿನಿಂದ ಬಂದವರ ಪ್ರಶ್ನೆಯೂ ಹೌದು, ಇಲ್ಲಿಂದ ಹೊರಗೆ ಹೋದವರ ಪ್ರಶ್ನೆಯೂ ಹೌದು.

ವಿಷಯವನ್ನು ಸರಿಯಾಗಿ ತಿಳಿಯಬೇಕಾದರೆ ಮೊದಲು ಕೆಲವು ಮಾತುಗಳ ಅರ್ಥವನ್ನು ಬೇರ್ಪಡಿಸಿ ನೋಡಬೇಕು. ಮಗುವು ತಾಯಿತಂದೆಯರಿಂದ, ಅಜ್ಜ ಅಜ್ಜಿಯರಿಂದ ಕಲಿತ ನುಡಿ ಮನೆಮಾತು. ಬೀದಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬೀಳುವ ನುಡಿ ಪರಿಸರದ ಭಾಷೆ. ಗಣಿತ, ವಿಜ್ಞಾನ, ಚರಿತ್ರೆಗಳನ್ನು ಶಾಲೆಯಲ್ಲಿ ಯಾವ ನುಡಿಯಲ್ಲಿ ಬೋಧಿಸುತ್ತಾರೆಯೋ ಅದು ಶಿಕ್ಷಣ ಮಾಧ್ಯಮ. ಇವಲ್ಲದೆ ಒಂದು ಪಠ್ಯವಿಷಯವಾಗಿ ಮಾತ್ರ ಕಲಿಯುವ ಭಾಷೆಗಳೂ ಉಂಟು. ಪ್ರಥಮ, ದ್ವಿತೀಯ, ತೃತೀಯ ಭಾಷೆಗಳೆಂದು ಕರೆಯುವುದು ಇವುಗಳನ್ನೇ. ಧಾರವಾಡದ ಹಳ್ಳಿಯಲ್ಲಿ ಕನ್ನಡ ಶಾಲೆಗೆ ಹೋಗುವ ಕನ್ನಡದ ಮಗುವಿಗೆ ಮನೆಮಾತು, ಪರಿಸರದ ಭಾಷೆ, ಶಿಕ್ಷಣ ಮಾಧ್ಯಮ ಮೂರೂ ಒಂದೇ. ಕುಟುಂಬವು ಊರು ಬದಲಿಸಿದೊಡನೆ ಈ ಮೂರು ಎಳೆಗಳು ಬಿಡಿಬಿಡಿಯಾಗುತ್ತವೆ. ಒಂದನ್ನು ಮಾಧ್ಯಮವಾಗಿ ಆರಿಸಿಕೊಂಡ ಮಾತ್ರಕ್ಕೆ ಉಳಿದವುಗಳನ್ನು ತೊರೆಯಬೇಕೆಂಬ ನಿಯಮವಿಲ್ಲ. ಇದನ್ನು ಮರೆತಾಗಲೇ ಆಯ್ಕೆಯು ಕಠಿಣವಾಗಿ ತೋರುತ್ತದೆ.

ಮಾಧ್ಯಮ ಬದಲಾದಾಗ ಮಗುವು ಎದುರಿಸುವ ತೊಡಕು ಎಂತಹುದು? ಧಾರವಾಡದಿಂದ ಪುಣೆಗೆ ಹೋಗಿ ಮರಾಠಿ ಶಾಲೆಗೆ ಸೇರಿದ ಮೂರನೆಯ ತರಗತಿಯ ಬಾಲಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಕನ್ನಡದಲ್ಲಿ ಇಪ್ಪತ್ತರ ಮುಂದೆ ಐದನ್ನು ಸೇರಿಸಿದರೆ ಇಪ್ಪತ್ತೈದಾಯಿತು. ಮರಾಠಿಯಲ್ಲಿ ಅದು ‘ಪಂಚವೀಸ’. ಅಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಕಿವಿಗೆ ಕೇಳಿದ ಕ್ರಮದಲ್ಲಿಯೇ ಅಂಕಿಗಳನ್ನು ಬರೆದರೆ 25ಕ್ಕೆ ಬದಲು 52 ಆಗಿಬಿಡುತ್ತದೆ. ಇಪ್ಪತ್ತೊಂಬತ್ತನ್ನು ಮರಾಠಿಯಲ್ಲಿ ‘ಏಕೋಣತೀಸ’ ಎನ್ನುತ್ತಾರೆ. ಮೂವತ್ತಕ್ಕೆ ಒಂದು ಕಡಿಮೆ ಎಂಬುದು ಅದರ ಅರ್ಥ. ‘ತೀಸ’ ಎಂಬುದನ್ನಷ್ಟೇ ಹಿಡಿದುಕೊಂಡ ಬಾಲಕನು ಮೂವತ್ತರ ಸಾಲಿನ ಸಂಖ್ಯೆಯನ್ನು ಬರೆದರೆ ಆಶ್ಚರ್ಯವಿಲ್ಲ. ಅವನಿಗೆ ಲೆಕ್ಕ ಬರುತ್ತದೆ. ಲೆಕ್ಕದ ಮಾತು ಬರುವುದಿಲ್ಲ. ಆದರೆ ಗುರುಗಳ ಕಣ್ಣಿಗೆ ಬೀಳುವುದು ತಪ್ಪು ಉತ್ತರ ಮಾತ್ರ. ಹಳೆಯ ಶಾಲೆಯಲ್ಲಿ ಮೊದಲಿಗನಾಗಿ ಕೈಯೆತ್ತುತ್ತಿದ್ದವನು ಇಲ್ಲಿ ಮೌನಿಯಾಗುತ್ತಾನೆ. ಆ ಮೌನವನ್ನು ಮಂದಬುದ್ಧಿಯೆಂದು ತಿಳಿದರೆ ಅನ್ಯಾಯವಾಗುತ್ತದೆ.

ಇಂತಹ ಮಕ್ಕಳ ಕಲಿಕೆಯನ್ನು ಹಲವು ದೇಶಗಳಲ್ಲಿ ಅಭ್ಯಸಿಸಲಾಗಿದೆ. ಕೆನಡಾ ದೇಶಕ್ಕೆ ವಲಸೆ ಬಂದ ಮಕ್ಕಳನ್ನು ಕುರಿತು ಶಿಕ್ಷಣತಜ್ಞ ಜಿಮ್ ಕಮಿನ್ಸ್ ಅವರು ನಡೆಸಿದ ಅಧ್ಯಯನವು ಮುಖ್ಯವಾದುದು. ಆಟದ ಬಯಲಿನಲ್ಲಿ, ಗೆಳೆಯರ ನಡುವೆ ಬಳಸುವ ಮಾತನ್ನು ಮಕ್ಕಳು ಸುಮಾರು ಎರಡು ವರ್ಷಗಳಲ್ಲಿ ಕಲಿತುಬಿಡುತ್ತಾರೆ. ಆದರೆ ಪಠ್ಯಪುಸ್ತಕದ ವಾಕ್ಯಗಳನ್ನು ಗ್ರಹಿಸಿ, ಕಾರಣಗಳನ್ನು ವಿವರಿಸಿ, ಪ್ರಬಂಧವನ್ನು ಬರೆಯಬಲ್ಲ ಮಟ್ಟದಲ್ಲಿ ಸ್ಥಳೀಯ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷಗಳು ಬೇಕಾಗುತ್ತವೆ. ನೆರೆಯ ಮಕ್ಕಳೊಂದಿಗೆ ಹರಳು ಹುರಿದಂತೆ ಮಾತನಾಡುವ ಮಗುವನ್ನು ಕಂಡು, ಅದಕ್ಕೆ ಭಾಷೆ ಪೂರ್ತಿಯಾಗಿ ಬಂದಿತೆಂದು ಭಾವಿಸುವುದು ಸಹಜ. ಮುಂದೆ ಅದೇ ಮಗುವು ಚರಿತ್ರೆಯ ಪಾಠದಲ್ಲಿ ಎಡವಿದಾಗ ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ದೂರುವುದೂ ಸಹಜ. ಆಡುವ ಭಾಷೆ ಬೇರೆ, ಓದಿ ಬರೆಯುವ ಭಾಷೆ ಬೇರೆ ಎಂಬ ಅರಿವಿದ್ದರೆ ಈ ದೂರಿಗೆ ಎಡೆಯಿರದು.

ಹಾಗೆಂದು ಮಾಧ್ಯಮ ಬದಲಾದ ಮಗುವು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗಿಲ್ಲ. ಭಾಗಾಕಾರವನ್ನು ಕನ್ನಡದಲ್ಲಿ ತಿಳಿದವನು ತಮಿಳಿನಲ್ಲಿ ಭಾಗಾಕಾರದ ಹೆಸರನ್ನು ಕಲಿತರೆ ಸಾಕು. ಭಾಗಿಸುವ ಕ್ರಮವನ್ನು ಮತ್ತೆ ಕಲಿಯಬೇಕಿಲ್ಲ. ಒಂದು ನುಡಿಯಲ್ಲಿ ಚೆನ್ನಾಗಿ ಓದಲು ಕಲಿತವನಿಗೆ ಇನ್ನೊಂದು ನುಡಿಯ ಓದು ಬೇಗನೆ ಒಗ್ಗುತ್ತದೆ. ಆದುದರಿಂದಲೇ ಮೊದಲ ಭಾಷೆಯ ಬುನಾದಿಯು ಗಟ್ಟಿಯಾಗಿರಬೇಕೆಂದು ತಜ್ಞರು ಹೇಳುತ್ತಾರೆ. 1953ರಲ್ಲಿ ಪ್ರಕಟವಾದ ಯುನೆಸ್ಕೋ ಸಂಸ್ಥೆಯ ವರದಿಯೂ ಬೋಧನೆಯ ಆರಂಭಕ್ಕೆ ಮಾತೃಭಾಷೆಯೇ ಉತ್ತಮ ಮಾಧ್ಯಮವೆಂದು ಅಭಿಪ್ರಾಯಪಟ್ಟಿತು.

ಭಾರತದ ಮಕ್ಕಳಿಗೆ ಇನ್ನೊಂದು ಅನುಕೂಲವೂ ಉಂಟು. ಇಲ್ಲಿಯ ಭಾಷೆಗಳು ಬೇರೆ ಬೇರೆ ಕುಲಗಳಿಗೆ ಸೇರಿದ್ದರೂ ಬಹುಕಾಲ ಒಟ್ಟಿಗೆ ಬಾಳಿ ಒಂದನ್ನೊಂದು ಹೋಲುವಂತಾಗಿವೆ. ಕನ್ನಡ ಮತ್ತು ತೆಲುಗು ಲಿಪಿಗಳು ಒಡಹುಟ್ಟಿದವರಂತಿವೆ. ಶಾಲೆಯಲ್ಲಿ ಹಿಂದಿಯನ್ನು ಕಲಿತವನು ಮರಾಠಿಯ ಫಲಕಗಳನ್ನು ಹೆಚ್ಚಿನ ಶ್ರಮವಿಲ್ಲದೆ ಓದಬಲ್ಲನು. ಎರಡಕ್ಕೂ ಲಿಪಿ ದೇವನಾಗರಿ. ತಮಿಳು ಲಿಪಿಯ ದಾರಿ ತುಸು ಬೇರೆ. ಅಲ್ಲಿ ಕ, ಖ, ಗ, ಘ ಎಂಬ ನಾಲ್ಕಕ್ಕೂ ಒಂದೇ ಅಕ್ಷರ. ಕನ್ನಡದ ‘ದ್ಯುತಿಸಂಶ್ಲೇಷಣೆ’ ಮರಾಠಿಯಲ್ಲಿ ‘ಪ್ರಕಾಶಸಂಶ್ಲೇಷಣ’. ಒಂದನ್ನು ಬಲ್ಲವನಿಗೆ ಮತ್ತೊಂದು ಅಪರಿಚಿತವೆನಿಸದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಗ್ರಾಮವನ್ನು ಕುರಿತು ಗಂಪರ್ಝ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾಗಿದೆ. ಆ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳನ್ನಾಡುವ ಕುಟುಂಬಗಳು ತಲೆಮಾರುಗಳಿಂದ ನೆರೆಹೊರೆಯಾಗಿ ಬಾಳಿದ್ದುವು. ದಿನನಿತ್ಯ ಒಂದರಿಂದ ಇನ್ನೊಂದಕ್ಕೆ ಹೊರಳುತ್ತ ಅಲ್ಲಿಯ ಕನ್ನಡ, ಮರಾಠಿ ಮತ್ತು ಉರ್ದು ನುಡಿಗಳ ವಾಕ್ಯರಚನೆಯು ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು. ಆದರೂ ಪ್ರತಿಯೊಂದು ಮನೆಯೂ ತನ್ನ ಮಾತನ್ನು, ತನ್ನ ಪದಗಳನ್ನು ಬಿಟ್ಟುಕೊಟ್ಟಿರಲಿಲ್ಲ. ಮನೆಯೊಳಗೊಂದು, ಹೊಸ್ತಿಲಾಚೆ ಇನ್ನೊಂದು ಎಂಬ ಬಾಳು ಅಲ್ಲಿಯ ರೈತರಿಗೆ ಸಹಜವಾಗಿತ್ತು.

ಈ ಆಯ್ಕೆಯ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ? ಸ್ವಾತಂತ್ರ್ಯ ಬಂದ ಎರಡೇ ವರ್ಷಗಳಲ್ಲಿ, 1949ರ ಆಗಸ್ಟ್ ತಿಂಗಳಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಸೂತ್ರವನ್ನು ಒಪ್ಪಿತು. ಒಂದು ಶಾಲೆಯಲ್ಲಿ ಅನ್ಯಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ, ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಬೋಧಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನಾದರೂ ನೇಮಿಸಬೇಕೆಂಬುದು ಆ ಸೂತ್ರ. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳು ಪುನರ್ವಿಂಗಡಣೆಯಾದಾಗ ಎಲ್ಲ ಗಡಿಗಳಲ್ಲಿಯೂ ಅಲ್ಪಸಂಖ್ಯಾತ ಭಾಷಿಕರು ಉಳಿದರು. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡಿಗರು ಊರು ಬಿಟ್ಟು ಕದಲಲಿಲ್ಲ, ರಾಜ್ಯವೇ ಬದಲಾಯಿತು. ಅದೇ ವರ್ಷ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ನೀಡಲು ಪ್ರತಿಯೊಂದು ರಾಜ್ಯವೂ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಇದಕ್ಕೆ ಅನುಸಾರವಾಗಿ ಕರ್ನಾಟಕವು ಕನ್ನಡವಲ್ಲದೆ ಉರ್ದು, ಮರಾಠಿ, ತಮಿಳು, ತೆಲುಗು ಮೊದಲಾದ ಮಾಧ್ಯಮಗಳಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುತ್ತ ಬಂದಿದೆ. ಮಹಾರಾಷ್ಟ್ರದ ‘ಬಾಲಭಾರತಿ’ ಸಂಸ್ಥೆಯು ಕನ್ನಡದಲ್ಲಿ ಪುಸ್ತಕಗಳನ್ನು ಹೊರತಂದಿದೆ.

ಆದರೆ ಮಾಧ್ಯಮವನ್ನು ಆರಿಸುವವರು ಯಾರು, ಸರಕಾರವೋ ತಂದೆತಾಯಿಗಳೋ ಎಂಬ ವಿವಾದವು ಬಹುಕಾಲ ನಡೆಯಿತು. ಕರ್ನಾಟಕ ಸರಕಾರವು 1994ರಲ್ಲಿ ಹೊರಡಿಸಿದ ಆದೇಶವೊಂದು, ಮೊದಲ ನಾಲ್ಕು ತರಗತಿಗಳ ಮಾಧ್ಯಮವು ಮಾತೃಭಾಷೆ ಅಥವಾ ಕನ್ನಡವಾಗಿರತಕ್ಕದ್ದೆಂದು ವಿಧಿಸಿತ್ತು. ಈ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2014ರ ಮೇ ತಿಂಗಳಲ್ಲಿ ತೀರ್ಪಿತ್ತು, ಮಾಧ್ಯಮದ ಆಯ್ಕೆಯು ಮಗುವಿಗೆ, ಅದರ ಪರವಾಗಿ ತಂದೆತಾಯಿಗಳಿಗೆ ಸೇರಿದುದೆಂದೂ ಸರಕಾರವು ಮಾತೃಭಾಷೆಯನ್ನು ಮಾಧ್ಯಮವಾಗಿ ಹೇರಲಾಗದೆಂದೂ ಸಾರಿತು. ಮಾಧ್ಯಮವನ್ನು ಕಡ್ಡಾಯಗೊಳಿಸಲಾಗದಿದ್ದರೂ ನಾಡಿನ ಭಾಷೆಯನ್ನು ಒಂದು ವಿಷಯವಾಗಿ ಕಲಿಸಲು ಹಲವು ರಾಜ್ಯಗಳು ಕಾಯಿದೆಗಳನ್ನು ಮಾಡಿದುವು. ತಮಿಳುನಾಡು 2006ರಲ್ಲಿ, ಕರ್ನಾಟಕ 2015ರಲ್ಲಿ, ಕೇರಳ 2017ರಲ್ಲಿ, ಮಹಾರಾಷ್ಟ್ರ 2020ರಲ್ಲಿ ಇಂತಹ ಶಾಸನಗಳನ್ನು ರಚಿಸಿದುವು. ಬಂದವರು ಬಂದ ನಾಡಿನ ಭಾಷೆಯನ್ನು ಅರಿಯಬೇಕೆಂಬುದೇ ಇವೆಲ್ಲವುಗಳ ಆಶಯ.

ಹೀಗೆ ಆಯ್ಕೆಯ ಹೊಣೆಯು ತಂದೆತಾಯಿಗಳ ಮೇಲೆಯೇ ಬೀಳುತ್ತದೆ. ಹೊಸ ಊರಿನಲ್ಲಿ ಅವರು ಮೂರು ಸಂಗತಿಗಳನ್ನು ತೂಗಿ ನೋಡಬೇಕು. ಮೊದಲನೆಯದು ಮಗುವಿನ ವಯಸ್ಸು. ಒಂದನೆಯ ಅಥವಾ ಎರಡನೆಯ ತರಗತಿಯ ಮಗುವು ಹೊಸ ಭಾಷೆಯ ಶಾಲೆಯಲ್ಲಿ ಕ್ರಮೇಣ ಬೇರುಬಿಡುತ್ತದೆ. ಅದರ ಮುಂದೆ ವರ್ಷಗಳಿವೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಅಷ್ಟು ಕಾಲಾವಕಾಶವಿಲ್ಲ. ಸಾರ್ವಜನಿಕ ಪರೀಕ್ಷೆಯು ಬಾಗಿಲಲ್ಲಿ ನಿಂತಿರುತ್ತದೆ. ಅಂತಹವನಿಗೆ ಹಳೆಯ ಮಾಧ್ಯಮವನ್ನೇ ಮುಂದುವರಿಸುವ ಶಾಲೆ ದೊರೆತರೆ ಒಳಿತು. ಹೊಸ ನುಡಿಯನ್ನು ಬೇರೆಯಾಗಿ ಕಲಿಯಬಹುದು. ಎರಡನೆಯದು ಅಲ್ಲಿ ನಿಲ್ಲುವ ಅವಧಿ. ಎರಡು ಮೂರು ವರ್ಷಗಳಿಗೊಮ್ಮೆ ವರ್ಗಾವಣೆಯಾಗುವ ನೌಕರರ ಮಕ್ಕಳು ಪ್ರತಿ ಸಲವೂ ಮಾಧ್ಯಮವನ್ನು ಬದಲಿಸುತ್ತ ಹೋದರೆ ಯಾವ ಭಾಷೆಯಲ್ಲಿಯೂ ಬುನಾದಿ ನಿಲ್ಲದು. ಇಂತಹವರಿಗಾಗಿಯೇ ಕೇಂದ್ರ ಸರಕಾರವು 1963ರಲ್ಲಿ ಕೇಂದ್ರೀಯ ಶಾಲೆಗಳನ್ನು ಆರಂಭಿಸಿತು. ದೇಶದ ಯಾವ ಮೂಲೆಗೆ ಹೋದರೂ ಅಲ್ಲಿ ಒಂದೇ ಪಠ್ಯಕ್ರಮ. ಆದರೆ ಒಂದೆಡೆ ನೆಲೆಸಲೆಂದೇ ಬಂದವರು ಆ ನಾಡಿನ ಭಾಷೆಯಿಂದ ದೂರ ಸರಿಯುವುದು ವಿವೇಕವಲ್ಲ. ಮೂರನೆಯದು ಮನೆಯ ಬಲ. ಪಾಠವನ್ನು ಹೇಳಿಕೊಡಬಲ್ಲವರು ಮನೆಯಲ್ಲಿ ಇದ್ದಾರೆಯೇ, ಪುಸ್ತಕಗಳಿವೆಯೇ, ಶಾಲೆಯು ನಡೆದು ಹೋಗುವಷ್ಟು ಹತ್ತಿರದಲ್ಲಿದೆಯೇ ಎಂಬ ಸಾಮಾನ್ಯ ವಿಷಯಗಳೇ ಎಷ್ಟೋ ವೇಳೆ ನಿರ್ಣಾಯಕವಾಗುತ್ತವೆ.

ಇಂಗ್ಲಿಷ್ ಮಾಧ್ಯಮವೇ ಈ ಗೊಂದಲಕ್ಕೆಲ್ಲ ಪರಿಹಾರವೆಂದು ಭಾವಿಸುವವರು ಅನೇಕರಿದ್ದಾರೆ. ಇಂಗ್ಲಿಷ್ ಉನ್ನತ ವ್ಯಾಸಂಗಕ್ಕೂ ಉದ್ಯೋಗಕ್ಕೂ ನೆರವಾಗುವುದು ನಿಜ. ಊರೂರು ಸುತ್ತುವವರಿಗೆ ಅದು ಎಲ್ಲೆಡೆಯೂ ದೊರೆಯುವುದೂ ನಿಜ. ಈ ಮಾತಿಗೆ ಬೆಂಬಲವಾಗಿ ಕೆನಡಾದ ಮಾಂಟ್ರಿಯಲ್ ನಗರದ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ 1965ರಲ್ಲಿ ನಡೆದ ಪ್ರಯೋಗವನ್ನು ಉದಾಹರಿಸಬಹುದು. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚ್ ಭಾಷೆಯಲ್ಲಿ ಬೋಧಿಸಲಾಯಿತು. ಅವರು ಫ್ರೆಂಚನ್ನು ಚೆನ್ನಾಗಿ ಕಲಿತರು. ಅವರ ಇಂಗ್ಲಿಷಿಗೂ ಕುಂದುಂಟಾಗಲಿಲ್ಲ. ಆದರೆ ಆ ಮಕ್ಕಳ ಮನೆಮಾತು ಗೌರವದ ಸ್ಥಾನದಲ್ಲಿತ್ತು. ಅದು ಮನೆಯಲ್ಲಿಯೂ ಪತ್ರಿಕೆಯಲ್ಲಿಯೂ ಆಕಾಶವಾಣಿಯಲ್ಲಿಯೂ ತುಂಬಿತ್ತು. ಕಲಿಸಿದ ಫ್ರೆಂಚ್ ಆ ಪ್ರಾಂತದ ನೆರೆಹೊರೆಯವರ ನುಡಿಯೂ ಆಗಿತ್ತು. ಇಂಗ್ಲಿಷ್ ಮನೆಯಲ್ಲಿಯೂ ಇಲ್ಲದ, ಬೀದಿಯಲ್ಲಿಯೂ ಇಲ್ಲದ ಕಡೆ ಅದನ್ನೇ ಮಾಧ್ಯಮವಾಗಿಸಿದರೆ ಮಗುವಿಗೆ ತರಗತಿಯ ಕೊಠಡಿಯೊಂದೇ ಆಸರೆ. ಅಲ್ಲಿ ಮಕ್ಕಳು ಅರ್ಥವನ್ನು ಬಿಟ್ಟು ಬಾಯಿಪಾಠವನ್ನು ಹಿಡಿಯುವ ಅಪಾಯವಿದೆ.

ಇಷ್ಟೆಲ್ಲ ಆಲೋಚಿಸಿ ಆರಿಸುವ ಅವಕಾಶವೇ ಇಲ್ಲದವರೂ ಇದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಬೆಂಗಳೂರಿಗೆ ಬರುವ ಕಟ್ಟಡದ ಕೂಲಿಕಾರರೊಡನೆ ಒಡಿಶಾ, ಬಂಗಾಳ, ಬಿಹಾರಗಳಿಂದ ಬಂದವರೂ ದುಡಿಯುತ್ತಾರೆ. ಕಟ್ಟಡ ಮುಗಿದೊಡನೆ ಅವರ ತಗಡಿನ ಶೆಡ್ಡುಗಳು ಬೇರೆಡೆಗೆ ಸಾಗುತ್ತವೆ. ಅವರ ಮಕ್ಕಳಿಗೆ ಹತ್ತಿರದ ಸರಕಾರಿ ಶಾಲೆಯೇ ಗತಿ. ಅಲ್ಲಿಯ ಮಾತು ತಿಳಿಯದಿದ್ದರೆ ಕೆಲವೇ ದಿನಗಳಲ್ಲಿ ಶಾಲೆಯನ್ನು ಬಿಟ್ಟು ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತ ಉಳಿದುಬಿಡುತ್ತಾರೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 2017ರಲ್ಲಿ ಆರಂಭವಾದ ‘ರೋಶ್ನಿ’ ಯೋಜನೆಯು ಇದಕ್ಕೆ ಒಂದು ದಾರಿಯನ್ನು ತೋರಿಸಿತು. ಹಿಂದಿ, ಬಂಗಾಳಿ, ಒಡಿಯಾ ಮುಂತಾದ ನುಡಿಗಳನ್ನು ಬಲ್ಲ ಸ್ವಯಂಸೇವಕರು ಶಾಲಾವೇಳೆಗೆ ಮುಂಚೆಯೇ ವಲಸೆ ಕಾರ್ಮಿಕರ ಮಕ್ಕಳನ್ನು ಸೇರಿಸಿ, ಬೆಳಗಿನ ಉಪಾಹಾರವಿತ್ತು, ಮಕ್ಕಳ ಮಾತಿನಿಂದ ಆರಂಭಿಸಿ ಮಲಯಾಳದತ್ತ ಕೈಹಿಡಿದು ನಡೆಸುತ್ತಿದ್ದರು. ಮನೆಮಾತನ್ನು ಮೆಟ್ಟಿಲಾಗಿ ಬಳಸಿ ಶಾಲೆಯ ಭಾಷೆಯನ್ನು ಮುಟ್ಟುವ ಈ ಕ್ರಮಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಮಗುವಿನ ಮಾತನ್ನು ಬಲ್ಲ ಒಬ್ಬರು ಶಾಲೆಯಲ್ಲಿದ್ದರೆ ಸಾಕು.

ಎರಡು ಮೂರು ಭಾಷೆಗಳ ನಡುವೆ ಬೆಳೆದ ಮಕ್ಕಳು ಹಿಂದುಳಿಯುತ್ತಾರೆಂಬ ಭಯಕ್ಕೆ ಕನ್ನಡ ಸಾಹಿತ್ಯವೇ ಉತ್ತರ ಕೊಡುತ್ತದೆ. ಕನ್ನಡಕ್ಕೆ ಜ್ಞಾನಪೀಠ ಪ್ರಶಸ್ತಿಯನ್ನು ತಂದವರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು; ದ. ರಾ. ಬೇಂದ್ರೆಯವರದು ಮರಾಠಿ, ಗಿರೀಶ ಕಾರ್ನಾಡರದು ಕೊಂಕಣಿ. ಕಾರ್ನಾಡರು 1938ರಲ್ಲಿ ಹುಟ್ಟಿದುದು ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಅವರ ಮೊದಲ ಓದು ನಡೆದುದು ಮರಾಠಿಯಲ್ಲಿ. ಮುಂದೆ ಶಿರಸಿ, ಧಾರವಾಡಗಳಲ್ಲಿ ಬೆಳೆದು ಅವರು ಕನ್ನಡದ ನಾಟಕಕಾರರಾದರು. ಇವರಿಗೆ ಪರಿಸರದ ಭಾಷೆಯು ಪರಕೀಯವಾಗಿ ಉಳಿಯಲಿಲ್ಲ. ಅತ್ತ ಮುಂಬಯಿಯಲ್ಲಿ, ಕರಾವಳಿಯಿಂದ ಹೋಗಿ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಬಾಲಕರು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಅವರಲ್ಲಿ ಅನೇಕರ ಮನೆಮಾತು ತುಳು, ಓದಿದುದು ಕನ್ನಡದಲ್ಲಿ, ಗಿರಾಕಿಗಳೊಡನೆ ಆಡಿದುದು ಮರಾಠಿ ಮತ್ತು ಹಿಂದಿ. ಒಂದು ಭಾಷೆಯು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ.

ಶಾಲೆಯ ಭಾಷೆ ಯಾವುದೇ ಆಗಲಿ, ಮನೆಮಾತನ್ನು ಉಳಿಸುವ ಕೆಲಸ ಮನೆಯದೇ. ಶಾಲೆಯ ಭಾಷೆ ಬೇಗ ಬರಲೆಂದು ಮನೆಯಲ್ಲಿಯೂ ಅದನ್ನೇ ಅರೆಬರೆಯಾಗಿ ಆಡತೊಡಗುವ ತಂದೆತಾಯಿಗಳು ತಮಗರಿಯದಂತೆಯೇ ನಷ್ಟವನ್ನು ತಂದುಕೊಳ್ಳುತ್ತಾರೆ. ಮಗುವು ಕಥೆ ಕೇಳಬೇಕಾದುದು, ಜಗಳವಾಡಬೇಕಾದುದು, ನೋವನ್ನು ಹೇಳಿಕೊಳ್ಳಬೇಕಾದುದು ಹಿರಿಯರಿಗೆ ಸಲೀಸಾಗಿ ಬರುವ ಮಾತಿನಲ್ಲಿ. ಆ ಮಾತು ಬತ್ತಿದರೆ, ರಜೆಗೆ ಊರಿಗೆ ಬಂದ ಮೊಮ್ಮಗನು ಅಜ್ಜಿಯ ಮುಂದೆ ಮೂಕನಾಗಿ ಕುಳಿತುಕೊಳ್ಳಬೇಕಾಗುತ್ತದೆ. ವಾರಕ್ಕೊಂದು ಪತ್ರವನ್ನು ಮನೆಮಾತಿನಲ್ಲಿ ಬರೆಯಿಸಿದರೆ, ರಾತ್ರಿ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿದರೆ ಅಕ್ಷರದ ನಂಟು ಉಳಿಯುತ್ತದೆ.

ಇನ್ನೊಂದು ಹೊಣೆ ಸಹಪಾಠಿಗಳದು. ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೆಯ ತರಗತಿಯ ನೂರಕ್ಕೆ ಮೂವತ್ತರಷ್ಟು ವಿದ್ಯಾರ್ಥಿಗಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ಪ್ರದೇಶಕ್ಕೆ ಕಳುಹಿಸುವ ಯೋಜನೆಯುಂಟು. ಹಾಗೆ ಹೋದವರಿಗೆ ಹೊಸ ನುಡಿಯನ್ನು ಮೊದಲು ಕಲಿಸುವುದು ವ್ಯಾಕರಣವಲ್ಲ. ಊಟದ ಸಾಲಿನಲ್ಲಿ, ಆಟದ ಮೈದಾನದಲ್ಲಿ ಜೊತೆಗೂಡುವ ಗೆಳೆಯರು. ಪ್ರತಿಯೊಂದು ಶಾಲೆಗೂ ಜೂನ್ ತಿಂಗಳಲ್ಲಿ ದೂರದ ಊರಿನಿಂದ ಬಂದ ಮಗುವೊಂದು ಸೇರಬಹುದು. ಅದರ ಉಚ್ಚಾರಣೆಯನ್ನು ಕೇಳಿ ನಕ್ಕರೆ ಆ ಮಗುವು ವರ್ಷವಿಡೀ ಬಾಯಿ ತೆರೆಯದೆ ಇರಬಹುದು. ಪಕ್ಕದಲ್ಲಿ ಕುಳ್ಳಿರಿಸಿಕೊಂಡು ದಿನಕ್ಕೆ ನಾಲ್ಕು ಮಾತುಗಳನ್ನು ಕಲಿಸಿ, ಅದರ ನುಡಿಯಿಂದ ನಾಲ್ಕು ಮಾತುಗಳನ್ನು ಕಲಿತುಕೊಂಡರೆ ಎರಡೂ ಕಡೆಯವರು ಬೆಳೆಯುತ್ತಾರೆ. ಯಾವ ಮಾಧ್ಯಮವನ್ನು ಆರಿಸಿದರೂ ಮಗುವು ತರಗತಿಯಲ್ಲಿ ನಿರ್ಭಯವಾಗಿ ಕೈಯೆತ್ತಿ ಪ್ರಶ್ನೆ ಕೇಳುವಂತಾದ ದಿನ ಆ ಆಯ್ಕೆಯು ಸಾರ್ಥಕವಾಗುತ್ತದೆ.